‘ದೌ’ ಎಂಬ ಏಕವಚನ

ಹಳೆಯ ಇಂಗ್ಲಿಷ್ ನಾಟಕಗಳನ್ನು ಪೆನ್ಸಿಲ್ ಹಿಡಿದು ಓದುವುದು ನನ್ನ ಬಲು ಮೆಚ್ಚಿನ ಹವ್ಯಾಸ. ಕಥೆ ಮೊದಲೇ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಮುಂದೇನಾಯಿತೆಂದು ಮನಸ್ಸು ಓಡುವುದಿಲ್ಲ. ಯಾರು ಯಾರಿಗೆ ‘ದೌ’ ಎಂದರು, ಎಲ್ಲಿ ‘ಯೂ’ಗೆ ಹೊರಳಿದರು ಎಂದು ನಿಧಾನವಾಗಿ ಬೆನ್ನು ಹತ್ತಬಹುದು. ‘ದೌ’ ಬಂದಲ್ಲಿ ಕೆಳಗೊಂದು ಗೆರೆ, ‘ಯೂ’ ಬಂದಲ್ಲಿ ಒಂದು ಚುಕ್ಕೆ. ಪುಟ ಮುಗಿಯುವ ಹೊತ್ತಿಗೆ ಪಾತ್ರಗಳ ಮನಸ್ಸಿನ ಬಿಸಿ ತಂಪುಗಳೆಲ್ಲ ಅಂಚಿನಲ್ಲಿ ಮೂಡಿರುತ್ತವೆ.

‘ಹ್ಯಾಮ್ಲೆಟ್’ನಲ್ಲಿ ತಾಯಿ ಮಗನನ್ನು ತನ್ನ ಕೋಣೆಗೆ ಕರೆಸುತ್ತಾಳೆ. ತಂದೆಯ ಮನಸ್ಸನ್ನು ನೋಯಿಸಿದೆ ಎಂದು ‘ದೌ’ ಹಚ್ಚಿ ಗದರುತ್ತಾಳೆ. ಮಗ ಅದೇ ಮಾತನ್ನು ಅವಳತ್ತ ತಿರುಗಿಸುತ್ತಾನೆ, ಆದರೆ ‘ಯೂ’ ಹಚ್ಚಿ. ಮರುಮಾತಿಗೆ ತಾಯಿಯೂ ‘ಯೂ’ಗೆ ಸರಿಯುತ್ತಾಳೆ. ಮೂರೇ ಮಾತಿನಲ್ಲಿ ಇಬ್ಬರೂ ದೂರವಾದರು! ಇಂದಿನ ಇಂಗ್ಲಿಷ್ ಓದುಗನಿಗೆ ಇದನ್ನು ಅಡಿಟಿಪ್ಪಣಿಯಲ್ಲಿ ವಿವರಿಸಬೇಕಾಗುತ್ತದೆ. ನಮಗೆ ಆ ಅಗತ್ಯವಿಲ್ಲ. ಸದಾ ‘ನೀನು’ ಎನ್ನುವವರು ಮುನಿಸಿಕೊಂಡು ‘ನೀವು ಹೇಳಿದ ಹಾಗೇ ಆಗಲಿ’ ಎಂದರೆ ಎದೆ ಧಸಕ್ಕೆನ್ನುವುದು ನಮಗೆ ಗೊತ್ತು. ಶೇಕ್ಸ್‌ಪಿಯರನನ್ನು ಓದಲು ಕನ್ನಡದ ಕಿವಿ ಎಷ್ಟು ಒಳ್ಳೆಯದೆಂದು ನಾನು ಹಿಗ್ಗುವುದು ಇಂಥ ಜಾಗಗಳಲ್ಲಿಯೇ.

ಈ ‘ದೌ’ ನಮಗೆ ದೂರದ ನೆಂಟನೇನಲ್ಲ. ಸಂಸ್ಕೃತದ ‘ತ್ವಮ್’, ಹಿಂದಿಯ ‘ತೂ’, ಲ್ಯಾಟಿನ್ನಿನ ‘ತು’ ಎಲ್ಲವೂ ಅದರ ದಾಯಾದಿಗಳು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅದಕ್ಕೆ ಮೇಲು ಕೀಳಿನ ಗೊಡವೆ ಇರಲಿಲ್ಲ. ಎದುರಿಗಿರುವವನು ಒಬ್ಬನಾದರೆ ಆ ಮಾತು, ಹಲವರಾದರೆ ಇನ್ನೊಂದು. ಸಂಸ್ಕೃತದ ದ್ವಿವಚನದಂತೆ ಇಬ್ಬರಿಗೆಂದೇ ಮತ್ತೊಂದು. ರಾಜನಿಗೂ ಆಳಿಗೂ ಒಂದೇ ಸರ್ವನಾಮ. 13ನೇ ಶತಮಾನದ ಹೊತ್ತಿಗೆ ಫ್ರೆಂಚ್ ನಡೆನುಡಿಯನ್ನು ನೋಡಿ, ದೊಡ್ಡವರಿಗೆ ಒಬ್ಬರೇ ಇದ್ದರೂ ಬಹುವಚನ ಬಳಸುವ ರೂಢಿ ಇಂಗ್ಲಿಷಿಗೂ ಬಂತು. ‘ದೌ’ ಮಕ್ಕಳಿಗೆ, ಆಳುಗಳಿಗೆ, ಪ್ರಾಣಸ್ನೇಹಿತರಿಗೆ ಉಳಿಯಿತು. ಜೊತೆಗೆ ಬೈಗುಳಕ್ಕೂ.

‘ಏಕವಚನಕ್ಕಿಳಿದ’ ಎಂದು ನಾವು ಹೇಳುತ್ತೇವಲ್ಲ, ಅದಕ್ಕೆ ಅವರಲ್ಲಿ ಕ್ರಿಯಾಪದವೇ ಇತ್ತು. 1603ರಲ್ಲಿ ವಿಂಚೆಸ್ಟರಿನಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ಅವನನ್ನು ತುಂಬಿದ ಸಭೆಯಲ್ಲಿ ‘ದೌ’ ಎಂದದ್ದಷ್ಟೇ ಅಲ್ಲ, ಬೇಕೆಂತಲೇ ಹಾಗೆ ಕರೆಯುತ್ತಿದ್ದೇನೆಂದು ಸಾರಿ ಹೇಳಿದ.

ಆದರೆ ಈ ಪದಕ್ಕಾಗಿ ನಿಜವಾಗಿ ಏಟು ತಿಂದವರು ಕ್ವೇಕರ್ ಪಂಥದವರು. ಅವರ ಗುರು ಜಾರ್ಜ್ ಫಾಕ್ಸ್‌ಗೆ ದೇವರ ಮುಂದೆ ಎಲ್ಲರೂ ಸಮ. ಒಬ್ಬನಿಗೆ ಬಹುವಚನ ಹಚ್ಚುವುದು ಸುಳ್ಳು, ಮುಖಸ್ತುತಿ. 1660ರಲ್ಲಿ ಅವನೂ ಇಬ್ಬರು ಸಂಗಡಿಗರೂ ಹಲವು ಭಾಷೆಗಳ ಏಕವಚನ ಬಹುವಚನಗಳನ್ನು ಜೋಡಿಸಿಟ್ಟು ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ನ್ಯಾಯಾಧೀಶನಿಗೂ ‘ದೌ’, ಹೆತ್ತ ತಂದೆಗೂ ‘ದೌ’. ಆ ಕಾಲದ ತರುಣ ಥಾಮಸ್ ಎಲ್‌ವುಡ್ ತನ್ನ ಆತ್ಮಕಥೆಯಲ್ಲಿ ಇದರ ಫಲವನ್ನು ಬರೆದಿದ್ದಾನೆ. ಅಪ್ಪನೆದುರು ಹ್ಯಾಟು ತೆಗೆಯಲಿಲ್ಲವೆಂದು ಹೊಡೆತ. ಇನ್ನೊಮ್ಮೆ ‘ದೌ’ ಎಂದರೆ ಹಲ್ಲು ಉದುರಿಸುವೆನೆಂಬ ಬೆದರಿಕೆ. ಮುಂದೆ ಕುರುಡನಾದ ಮಿಲ್ಟನ್ನನಿಗೆ ಲ್ಯಾಟಿನ್ ಪುಸ್ತಕಗಳನ್ನು ಓದಿ ಹೇಳುತ್ತಿದ್ದವನು ಇದೇ ಹುಡುಗ. ಒಂದು ಸರ್ವನಾಮಕ್ಕಾಗಿ ಅಪ್ಪನ ಕೋಪವನ್ನು ಹೊತ್ತುಕೊಂಡವನ ಮೇಲೆ ನನಗೆ ತುಂಬು ಗೌರವ.

1611ರ ಬೈಬಲ್ ‘ದೌ’ವನ್ನು ಹಳೆಯ ಲೆಕ್ಕದಲ್ಲೇ ಬಳಸಿತು: ಒಬ್ಬನಾದರೆ ‘ದೌ’, ಅವನು ದೇವರಾಗಲಿ ಸೈತಾನನಾಗಲಿ. ಆಮೇಲೆ ಬೀದಿಯಿಂದ ಪದ ಮರೆಯಾಗಿ, ಯಾರ್ಕ್‌ಷೈರಿನಂಥ ಉತ್ತರದ ಸೀಮೆಗಳ ಆಡುಮಾತಿನಲ್ಲಿ ‘ದಾ’ ಎಂದು ಉಳಿದುಕೊಂಡಿತು. ಉಳಿದವರಿಗೆ ಅದು ಕೇಳಿಸುತ್ತಿದ್ದದ್ದು ಹೆಚ್ಚಾಗಿ ಚರ್ಚಿನಲ್ಲಿ. ಹೀಗಾಗಿ ಸಲಿಗೆಯ ಮಾತನ್ನು ಜನ ಭಯಭಕ್ತಿಯ ಮಾತೆಂದೇ ತಿಳಿದರು. ನಮ್ಮ ವಚನಕಾರರು ಶಿವನನ್ನು ‘ನೀನು’ ಎಂದದ್ದನ್ನು ಓದಿ ಬೆಳೆದ ನನಗೆ ಇದು ದೊಡ್ಡ ನಷ್ಟವೆನಿಸುತ್ತದೆ.

ಪೆನ್ಸಿಲ್ ಹಿಡಿದು ಮತ್ತೆ ಮತ್ತೆ ತೆರೆಯುವುದು ‘ಕಿಂಗ್ ಲಿಯರ್’. ಮೊದಲ ಅಂಕದಲ್ಲಿ ಮುದಿರಾಜ ಕಿರಿಮಗಳು ಕಾರ್ಡೀಲಿಯಾಳನ್ನು ತುಂಬಿದ ಆಸ್ಥಾನದಲ್ಲಿ ‘ಯೂ’ ಎಂದು ಮಾತಿಗೆ ಕರೆಯುತ್ತಾನೆ. ಅವಳ ಉತ್ತರ ಹಿಡಿಸದೆ ಹೋದಾಗ, ಈ ಮಾತು ಮನಸ್ಸಿನಿಂದ ಬಂದದ್ದೇ ಎಂದು ಕೇಳುವಲ್ಲಿ ಏಕವಚನಕ್ಕಿಳಿಯುತ್ತಾನೆ. ಶಾಪ ಹಾಕುವುದೂ ಏಕವಚನದಲ್ಲೇ. ಐದನೆಯ ಅಂಕದಲ್ಲಿ ಅಪ್ಪ ಮಗಳಿಬ್ಬರೂ ಸೆರೆಯಾಳುಗಳು. ನೀನು ಆಶೀರ್ವಾದ ಕೇಳಿದಾಗ ನಾನು ಮಂಡಿಯೂರಿ ನಿನ್ನ ಕ್ಷಮೆ ಬೇಡುತ್ತೇನೆ ಎನ್ನುವಾಗಲೂ ಅವನ ಬಾಯಲ್ಲಿ ಇರುವುದು ಅದೇ ‘ದೌ’.