ಮೊಮ್ಮಗನ ಗಣಕಯಂತ್ರ ಮತ್ತು ನಮ್ಮ ತಪ್ಪು

ಮನೆಯಲ್ಲೊಂದು ವಸ್ತು ಹಳತಾಯಿತೆಂದರೆ ಎರಡು ಪಕ್ಷಗಳು ಏಳುವುದು ಸಹಜ. ಇನ್ನೂ ನಾಲ್ಕು ವರ್ಷ ನಡೆದೀತು ಎಂಬುದು ಹಿರಿಯರ ವಾದ. ನಾಳೆಯೇ ಗುಜರಿಗೆ ಹಾಕಬೇಕೆಂಬುದು ಕಿರಿಯರ ವಾದ. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಇದ್ದುದನ್ನು ಉಳಿಸಿಕೊಂಡು, ಅದರಲ್ಲಿ ಯಾವ ಅಂಗ ಸೋತಿದೆಯೋ ಅದನ್ನಷ್ಟೇ ಕಾಲಕಾಲಕ್ಕೆ ಬದಲಿಸುತ್ತ ಹೋಗುವುದು. ನಮ್ಮ ಮೊಮ್ಮಗನ ಗಣಕಯಂತ್ರದ ವಿಷಯದಲ್ಲಿ ನಾವು 2023ರಿಂದ 2025ರವರೆಗೆ ಈ ದಾರಿಯಲ್ಲಿ ನಡೆದೆವು. ನಡೆಯುವಾಗ ಒಮ್ಮೆ ಎಡವಿದೆವು. ಆ ಎಡವಿದ್ದನ್ನೇ ಮುಖ್ಯವಾಗಿ ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕೆಂದು ಈ ಬರಹ.

ಈ ಯಂತ್ರ ನಮ್ಮ ಧಾರವಾಡದ ಮನೆಗೆ ಬಂದುದು 2017ರಲ್ಲಿ. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವ ನಮ್ಮ ಮಗ ತನ್ನ ಕೆಲಸಕ್ಕೆಂದು ಅದನ್ನು ಜೋಡಿಸಿಕೊಂಡು ತಂದಿದ್ದ. ಎ.ಎಂ.ಡಿ. ಸಂಸ್ಥೆಯ ರೈಜನ್ 5 1600 ಎಂಬ ಆರು ಕೋರುಗಳ ಪ್ರೊಸೆಸರು, 8 ಗಿಗಾಬೈಟ್ ಮೆಮೊರಿ, 1 ಟೆರಾಬೈಟಿನ ಹಾರ್ಡ್ ಡಿಸ್ಕು, 4 ಗಿಗಾಬೈಟಿನ ಜಿ.ಟಿ.ಎಕ್ಸ್. 1050 ಟಿ.ಐ. ಎಂಬ ಗ್ರಾಫಿಕ್ಸ್ ಕಾರ್ಡು, ಇವು ಅದರ ಅಂಗಗಳು. ಮುಂದೆ ಮಗನು ಲ್ಯಾಪ್‌ಟಾಪ್ ಕೊಂಡಮೇಲೆ ಅದು ಮೊಮ್ಮಗನ ಪಾಲಿಗೆ ಬಂದಿತು. ನಕ್ಷೆ ಬರೆಯುತ್ತಿದ್ದ ಯಂತ್ರ ಆಟದ ಯಂತ್ರವಾಯಿತು.

ಆಟವೆಂದರೆ ಕಾಲಹರಣವೆಂಬ ಭಾವನೆ ನಮ್ಮಲ್ಲಿಯೂ ಬಲವಾಗಿಯೇ ಇದ್ದಿತು. ಒಂದು ದಿನ ಹುಡುಗನು ನಮ್ಮನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ‘ರಾಜಿ’ ಎಂಬ ಆಟವನ್ನು ತೋರಿಸಿದ. ತಮ್ಮನನ್ನು ಹುಡುಕಿಕೊಂಡು ಅಸುರರೊಡನೆ ಹೋರಾಡುತ್ತ ಹೊರಟ ಒಬ್ಬ ಹುಡುಗಿಯ ಕಥೆ ಅದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ತಂಡದವರು 2020ರಲ್ಲಿ ಅದನ್ನು ಹೊರತಂದರು. ಹುಡುಗಿಯು ಪ್ರಾಚೀನ ಕಟ್ಟಡಗಳ ನಡುವೆ ನಡೆದುಹೋಗುವುದನ್ನು ನೋಡುತ್ತ ನಾವು ಒಂದು ಗಂಟೆ ಕುಳಿತೆವು. ಆಮೇಲೆ ಆಟವನ್ನು ನಿಂದಿಸುವ ಅಧಿಕಾರ ನಮಗೆ ಉಳಿಯಲಿಲ್ಲ. ಆದರೆ ಆ ಒಂದು ಗಂಟೆಯಲ್ಲಿ ಯಂತ್ರವು ಹತ್ತು ಸಲವಾದರೂ ತಡವರಿಸಿತು.

“ಅಜ್ಜಾ, ಇದರ ಕಾಲ ಮುಗದೈತಿ. ಹೊಸಾದು ತಗೋಬೇಕು” ಎಂದ ಹುಡುಗ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಹೊಸದಕ್ಕೆ 85,000 ರೂಪಾಯಿ ಎಂದರು. ಮಗನ ಉತ್ತರ ಚಿಕ್ಕದಾಗಿತ್ತು: “ಪಿ.ಯು.ಸಿ. ಮುಗಿಯೂತನಕಾ ಹೊಸಾದು ಇಲ್ಲ. ಇದ್ದದ್ದನ್ನ ನಿನ್ನ ರೊಕ್ಕದಾಗ ಬೇಕಾದ್ರ ಸರಿ ಮಾಡ್ಕೊ. ಕೆಡಿಸಿದಿ ಅಂದ್ರ ಮತ್ತ ಕೇಳಬ್ಯಾಡ.” ಹಬ್ಬಹುಣ್ಣಿಮೆಗೆ ಬಂಧುಗಳು ಕೈಗಿಟ್ಟ ಹಣವನ್ನು ಕೂಡಿಸಿಡುವ ರೂಢಿ ಹುಡುಗನಿಗಿತ್ತು. ಅದಕ್ಕೆ ನಮ್ಮ ಪಿಂಚಣಿಯಿಂದ ಅಷ್ಟಿಷ್ಟು ಸೇರಿಸುವುದಾಗಿ ನಾವು ಒಪ್ಪಿದೆವು.

ಶಾಸ್ತ್ರಪಾಠದಲ್ಲಿ ಮೊದಲು ಕಲಿಸುವ ಮಾತೊಂದಿದೆ. ಕಾರ್ಯವನ್ನು ಕಂಡೊಡನೆ ಪರಿಹಾರಕ್ಕೆ ಓಡಬಾರದು, ಮೊದಲು ಕಾರಣವನ್ನು ಹುಡುಕಬೇಕು. ಏನು ಕೊಳ್ಳಬೇಕೆಂದು ಹುಡುಗನು ಕೇಳಿದಾಗ, ಯಂತ್ರವು ಎಲ್ಲಿ ನಿಲ್ಲುತ್ತಿದೆಯೆಂಬುದನ್ನು ಮೊದಲು ನೋಡು ಎಂದೆವು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಎಂಬ ಸಾಧನವಿದೆ. ಪ್ರೊಸೆಸರು ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ಡಿಸ್ಕು ಎಷ್ಟು ಬಳಲಿದೆ ಎಂಬುದನ್ನು ಅದು ಪ್ರತಿಶತ ಲೆಕ್ಕದಲ್ಲಿ ತೋರಿಸುತ್ತದೆ. ಆಟ ತಡವರಿಸುವ ಗಳಿಗೆಯಲ್ಲಿ ನೋಡಿದರೆ ಮೆಮೊರಿ ಕಂಠಮಟ್ಟ ತುಂಬಿತ್ತು. ಡಿಸ್ಕು ನೂರಕ್ಕೆ ನೂರು ತೋರಿಸುತ್ತಿತ್ತು. ಗ್ರಾಫಿಕ್ಸ್ ಕಾರ್ಡಿನ ಮೇಲೆ ಹುಡುಗನು ಹೊರಿಸಿದ್ದ ಅಪವಾದ ಅಷ್ಟರಮಟ್ಟಿಗೆ ಸುಳ್ಳಾಯಿತು.

2023ರ ಬೇಸಿಗೆಯಲ್ಲಿ ಮಾಡಿದ ಮೊದಲನೆಯ ಸುಧಾರಣೆಗೆ ಒಂದು ಕಾಸೂ ಖರ್ಚಾಗಲಿಲ್ಲ. ಪೆಟ್ಟಿಗೆಯ ಪಕ್ಕವನ್ನು ಬಿಚ್ಚಿ, ಬಣ್ಣ ಬಳಿಯುವ ಮೆತ್ತನೆಯ ಬ್ರಶ್ಶಿನಿಂದ ಆರು ವರ್ಷದ ಧೂಳನ್ನು ತೆಗೆದೆವು. ಫ್ಯಾನುಗಳ ಅಬ್ಬರ ಅಂದೇ ತಗ್ಗಿತು. ಆ ವರ್ಷದ ದೀಪಾವಳಿಗೆ ಇನ್ನೊಂದು 8 ಗಿಗಾಬೈಟಿನ ಮೆಮೊರಿ ಪಟ್ಟಿಯನ್ನೂ ಒಂದು ಎಸ್.ಎಸ್.ಡಿ.ಯನ್ನೂ ತಂದೆವು. ಮೆಮೊರಿ ಒಂದೇ ಪಟ್ಟಿಯಲ್ಲಿದ್ದರೆ ಪ್ರೊಸೆಸರಿಗೆ ಒಂದೇ ದಾರಿಯಿಂದ ಮಾಹಿತಿ ಹರಿಯುತ್ತದೆ. ಎರಡು ಪಟ್ಟಿಗಳನ್ನು ಸರಿಯಾದ ಎರಡು ಖಾನೆಗಳಲ್ಲಿಟ್ಟರೆ ಎರಡು ದಾರಿಗಳು ತೆರೆಯುತ್ತವೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಒಂದು ಮುಳ್ಳು ಓಡಾಡಿ ಓದಬೇಕು, ಎಸ್.ಎಸ್.ಡಿ.ಯಲ್ಲಿ ತಿರುಗುವ ವಸ್ತುವೇ ಇಲ್ಲ. ತೆರೆದುಕೊಳ್ಳಲು ಎರಡು ನಿಮಿಷ ಹಿಡಿಯುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ತೆರೆದುಕೊಂಡಿತು. ಎರಡಕ್ಕೂ ಸೇರಿ ತಗುಲಿದ್ದು ಸುಮಾರು 4,600 ರೂಪಾಯಿ.

ಮುಂದಿನ ಸರದಿ ಪ್ರೊಸೆಸರಿನದು. ಅದಕ್ಕೆ ಆಟವಲ್ಲದೆ ಬೇರೊಂದು ಕಾರಣವೂ ಇತ್ತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲುವುದೆಂದು ಮೈಕ್ರೋಸಾಫ್ಟ್ ಸಂಸ್ಥೆ ಮೊದಲೇ ಸಾರಿತ್ತು. ವಿಂಡೋಸ್ 11ಕ್ಕೆ ಅರ್ಹವಾದ ಪ್ರೊಸೆಸರುಗಳ ಪಟ್ಟಿಯಲ್ಲಿ ನಮ್ಮ ರೈಜನ್ 1600ರ ಹೆಸರಿರಲಿಲ್ಲ. ಆದರೆ ಈ ಯಂತ್ರಕ್ಕೆ ಒಂದು ಭಾಗ್ಯವಿತ್ತು. ಅದರ ಮದರ್‌ಬೋರ್ಡಿನಲ್ಲಿ ಪ್ರೊಸೆಸರನ್ನು ಕೂರಿಸುವ ಪೀಠಕ್ಕೆ ಎ.ಎಂ.4 ಎಂದು ಹೆಸರು. ಸಾಮಾನ್ಯವಾಗಿ ಪ್ರೊಸೆಸರಿನ ಎರಡು ಮೂರು ಪೀಳಿಗೆ ಕಳೆಯುವಷ್ಟರಲ್ಲಿ ಪೀಠವೇ ಬದಲಾಗಿ, ಹಳೆಯ ಬೋರ್ಡು ನಿರುಪಯೋಗಿಯಾಗುತ್ತದೆ. ಎ.ಎಂ.4 ಹಾಗಾಗಲಿಲ್ಲ. 2020ರಲ್ಲಿ ತನ್ನ 5000 ಸಾಲಿನ ಪ್ರೊಸೆಸರುಗಳನ್ನು ಹಳೆಯ ಬೋರ್ಡುಗಳಿಗೆ ಕೊಡುವುದಿಲ್ಲವೆಂದು ಎ.ಎಂ.ಡಿ. ಮೊದಲು ಹೇಳಿತಾದರೂ, ಬಳಕೆದಾರರು ಗಟ್ಟಿಯಾಗಿ ಆಕ್ಷೇಪಿಸಿದ ಮೇಲೆ ಒಂದು ಹಂತ ಇಳಿಯಿತು. 2022ರಲ್ಲಿ 2017ರ ಬೋರ್ಡುಗಳಿಗೂ ಅನುಮತಿ ದೊರೆಯಿತು. ಹೀಗಾಗಿ ಏಳು ವರ್ಷದ ಬೋರ್ಡಿನ ಮೇಲೆ ರೈಜನ್ 5 5600 ಅನ್ನು ಕೂರಿಸಬಹುದೆಂದು ಹುಡುಗನು ಓದಿ ತಿಳಿದುಕೊಂಡ. ವರ್ಷವಿಡೀ ಕೂಡಿಸಿದ ಹಣ ಅದಕ್ಕೇ ಹೋಯಿತು. 2024ರ ಶ್ರಾವಣದ ಒಂದು ಸಂಜೆ ಪ್ರೊಸೆಸರು ಮನೆಗೆ ಬಂದಿತು.

ಆ ಸಂಜೆಯೇ ನಾವು ಎಡವಿದ್ದು.

ಪ್ರೊಸೆಸರಿನ ಮೇಲೆ ಶಾಖ ಹೀರುವ ಕೂಲರ್ ಇರುತ್ತದೆ. ಎರಡರ ನಡುವೆ ಲೇಪವೊಂದನ್ನು ಹಚ್ಚಿರುತ್ತಾರೆ. ಏಳು ವರ್ಷದಲ್ಲಿ ಆ ಲೇಪ ಅಂಟಿನಂತೆ ಗಟ್ಟಿಯಾಗಿತ್ತು. ಸ್ಕ್ರೂ ಬಿಚ್ಚಿದರೂ ಕೂಲರ್ ಏಳಲೊಲ್ಲದು. ಹುಡುಗನು ಕೈ ತೆಗೆದು, “ತಡೀರಿ ಅಜ್ಜಾ, ಇದನ್ನ ಹ್ಯಾಂಗ ತಗೀಬೇಕು ಅಂತ ಓದಿ ನೋಡತೀನಿ” ಎಂದ. ಬ್ಯಾಟರಿ ದೀಪ ಹಿಡಿದು ನಿಂತಿದ್ದ ನಾವು, “ಅದರಾಗ ಓದೂದೇನೈತಿ, ಎಳಿ, ಬರತೈತಿ” ಎಂದೆವು. ಹಿರಿಯರ ಮಾತು ಮೀರಲಾರದೆ ಅವನು ಎಳೆದ. ಕೂಲರ್ ಬಂದಿತು, ಅದರ ಅಡಿಗೆ ಅಂಟಿಕೊಂಡು, ಪೀಠದ ಹಿಡಿಕೆ ಇನ್ನೂ ಬಿಗಿದಿರುವಾಗಲೇ, ಹಳೆಯ ಪ್ರೊಸೆಸರೂ ಕಿತ್ತುಬಂದಿತು. ಅದರ ಅಡಿಯಲ್ಲಿ ಕೂದಲೆಳೆಯಂಥ 1331 ಪಿನ್ನುಗಳಿರುತ್ತವೆ. ಮೂಲೆಯ ಆರೇಳು ಪಿನ್ನುಗಳು ಬಾಗಿದ್ದವು. ಹೇಗೂ ಹೊಸದನ್ನು ಕೂರಿಸುವುದಲ್ಲವೇ ಎಂದು ಇಬ್ಬರೂ ಸಮಾಧಾನ ತಂದುಕೊಂಡೆವು.

ಪುಣ್ಯಕ್ಕೆ ಪೀಠಕ್ಕೆ ಪೆಟ್ಟಾಗಿರಲಿಲ್ಲ. ಹೊಸ ಪ್ರೊಸೆಸರು ಸರಿಯಾಗಿ ಕುಳಿತಿತು. ಸ್ವಿಚ್ ಒತ್ತಿದೆವು. ಫ್ಯಾನುಗಳು ತಿರುಗಿದವು, ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ರಾತ್ರಿ ಹನ್ನೊಂದಾದರೂ ಅದೇ ಸ್ಥಿತಿ.

ಮರುದಿನ ಮಗನಿಗೆ ಸುದ್ದಿ ತಿಳಿಯಿತು. “ಹನ್ನೊಂದ ಸಾವಿರ ನೀರಾಗ ಹಾಕಿದಿ. ಅವಸರಾ ಮಾಡಬ್ಯಾಡ ಅಂತ ಹೇಳಿದ್ದಿಲ್ಲೇನು?” ಎಂದು ಗದರಿದ. ಹುಡುಗನು ತಲೆ ತಗ್ಗಿಸಿ ನಿಂತ. ಎಳೆಯಲು ಹೇಳಿದವರು ಯಾರೆಂದು ಬಾಯಿ ಬಿಡಲಿಲ್ಲ. ನಾವು ಪಡಸಾಲೆಯಲ್ಲೇ ಇದ್ದೆವು. ಕೈಯಲ್ಲೊಂದು ಪುಸ್ತಕವಿತ್ತು. ಪುಟ ತಿರುವಿದೆವೇ ಹೊರತು ಮಾತನಾಡಲಿಲ್ಲ. ಅರವತ್ತು ದಾಟಿದ ಮೇಲೆ, ಊರವರು ಪಂಡಿತರೆಂದು ಕರೆಯುವ ನಾವು, ಹದಿನಾರು ವರ್ಷದ ಹುಡುಗನ ಬೆನ್ನ ಹಿಂದೆ ಅಡಗಿದೆವು. ಎರಡು ದಿನ ಹಾಗೆಯೇ ಕಳೆಯಿತು. ಹುಡುಗನು ನಮ್ಮೊಡನೆ ಎಂದಿನಂತೆಯೇ ಇದ್ದ. ಅದೇ ನಮಗೆ ಹೆಚ್ಚು ಸುಟ್ಟಿತು.

ಅಂಗಡಿಗೆ ಒಯ್ದಾಗ, ಬೋರ್ಡು ಹಳತು, ಅದನ್ನೂ ಬದಲಿಸಿ ಎಂದರು. ಹುಡುಗನು ಒಪ್ಪದೆ ಮರಳಿ ತಂದು, ಬೋರ್ಡಿನ ತಯಾರಕರು ಪ್ರಕಟಿಸಿದ ಪಟ್ಟಿಯನ್ನು ಓದತೊಡಗಿದ. ಮೂರನೆಯ ದಿನ ಕಾರಣ ಸಿಕ್ಕಿತು. ಬೋರ್ಡಿನೊಳಗೆ ಬಯಾಸ್ ಎಂಬ ಚಿಕ್ಕ ಕ್ರಮವಿಧಿ ನೆಲೆಸಿರುತ್ತದೆ. ಯಂತ್ರಕ್ಕೆ ಜೀವ ಬಂದೊಡನೆ, ಪೀಠದ ಮೇಲೆ ಕುಳಿತಿರುವವರು ಯಾರೆಂದು ಮೊದಲು ಗುರುತಿಸುವುದು ಅದೇ. ನಮ್ಮ ಬಯಾಸ್ 2017ರದು. 2022ರಲ್ಲಿ ಹುಟ್ಟಿದ ಪ್ರೊಸೆಸರಿನ ಪರಿಚಯ ಅದಕ್ಕೆ ಎಲ್ಲಿಂದ ಬರಬೇಕು? ಬಯಾಸನ್ನು ಹೊಸದಾಗಿಸಬಹುದು. ಆದರೆ ನಮ್ಮಂಥ ಬೋರ್ಡಿನಲ್ಲಿ ಆ ಕೆಲಸ ನಡೆಯಬೇಕಾದರೆ ಪೀಠದ ಮೇಲೆ ಅದಕ್ಕೆ ಪರಿಚಯವಿರುವ ಹಳೆಯ ಪ್ರೊಸೆಸರೇ ಕುಳಿತಿರಬೇಕು. ಹೊಸದಕ್ಕೆ ಜಾಗ ಸಿದ್ಧಪಡಿಸಿಕೊಡಬೇಕಾದುದು ಹಳೆಯದೇ. ಆ ಹಳೆಯದರ ಪಿನ್ನುಗಳನ್ನೇ ನಾವು ಬಾಗಿಸಿಟ್ಟಿದ್ದೆವು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಮಗನಿಗೆ ನಡೆದುದನ್ನು ಹೇಳಿದೆವು: “ಅವಸರಾ ಮಾಡಿದಾಂವ ಹುಡುಗ ಅಲ್ಲಪಾ. ಓದಿ ನೋಡತೀನಿ ಅಂತ ಅಂವಾ ಅಂದಾ. ಎಳಿ ಅಂದವರು ನಾವು.” ಮಗನು ಕೈತುತ್ತು ಹಾಗೆಯೇ ಹಿಡಿದು ನಮ್ಮ ಮುಖವನ್ನು ನೋಡಿದ. ಆಮೇಲೆ ಹುಡುಗನ ಕಡೆ ತಿರುಗಿ, “ಮತ್ತ ಅವತ್ತ ಯಾಕ ಹೇಳಲಿಲ್ಲೋ?” ಎಂದು ಕೇಳಿದ. ಹುಡುಗನು ಉತ್ತರಿಸಲಿಲ್ಲ. ಸೊಸೆಯು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಮಾತು ಅಲ್ಲಿಗೆ ಮುಗಿಯಿತು.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ, ಒಂದಕ್ಕೊಂದು ಅಂಟಿಕೊಂಡ ಓಲೆಗರಿಗಳನ್ನು ಹರಿಯದಂತೆ ಬಿಡಿಸುವುದನ್ನು ಗುರುಗಳು ನಮಗೆ ಕಲಿಸಿದ್ದರು. ಉಸಿರು ಬಿಗಿಹಿಡಿಯಬಾರದು, ಬಲ ಹಾಕಬಾರದು, ಒಂದೇ ಸಲಕ್ಕೆ ಮುಗಿಸಬೇಕೆಂಬ ಆಸೆಯಿರಬಾರದು. ಕೂಲರ್ ಕೀಳುವ ದಿನ ಮರೆತಿದ್ದ ಈ ಪಾಠ ಈಗ ನೆನಪಾಯಿತು. ಮರುದಿನ ಬೆಳಗಿನ ಬಿಸಿಲಿನಲ್ಲಿ ಕುಳಿತು, ಭೂತಗನ್ನಡಿ ಹಿಡಿದು, ತೆಳುವಾದ ಬ್ಲೇಡಿನ ಅಂಚನ್ನು ಪಿನ್ನುಗಳ ಸಾಲಿನಲ್ಲಿ ತೂರಿಸಿ ಒಂದೊಂದನ್ನೇ ನೆಟ್ಟಗೆ ಮಾಡಿದೆವು. ಒಂದು ಮುರಿದಿದ್ದರೂ ಕಥೆ ಮುಗಿಯುತ್ತಿತ್ತು. ಎರಡು ಗಂಟೆ ಹಿಡಿಯಿತು. ಹುಡುಗನು ಪಕ್ಕದಲ್ಲಿ ಕುಳಿತು ಸಾಲು ಎಣಿಸುತ್ತಿದ್ದ. ಕೊನೆಗೆ ಪ್ರೊಸೆಸರನ್ನು ಪೀಠದ ಮೇಲಿಟ್ಟಾಗ ಅದು ತನ್ನ ಭಾರಕ್ಕೇ ಇಳಿದು ಕುಳಿತಿತು. ಪರದೆ ಬೆಳಗಿತು.

ಬಯಾಸ್ ಬದಲಾಗುವಾಗ ನಡುವೆ ವಿದ್ಯುತ್ತು ಹೋದರೆ ಬೋರ್ಡೇ ಸತ್ತಂತೆ. ಹೊರಗೆ ಮಳೆ ಹಿಡಿದಿತ್ತು. ನೆರೆಮನೆಯಿಂದ ಯು.ಪಿ.ಎಸ್. ಕೇಳಿ ತಂದೆವು. ತಯಾರಕರ ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಕೆಲಸ ಆರಂಭಿಸಿದ ಮೇಲೆ ನಾಲ್ಕೈದು ನಿಮಿಷ ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ವಿದ್ಯುತ್ತು ಹೋಗಲಿಲ್ಲ, ಮರುದಿನ ಎರಡು ಸಲ ಹೋಯಿತು. ಈ ಸಲ ಹುಡುಗನು ಯಂತ್ರವನ್ನು ಹತ್ತು ನಿಮಿಷ ನಡೆಸಿ ಬೆಚ್ಚಗಾಗಿಸಿ, ಆರಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ ಎತ್ತಿದ. ಹಾಗೆ ಎತ್ತಬೇಕೆಂಬುದನ್ನೇ ಅವನು ಆ ಮೊದಲ ಸಂಜೆ ಓದಿ ನೋಡಬೇಕೆಂದಿದ್ದ. ಹೊಸ ಪ್ರೊಸೆಸರನ್ನು ಬೋರ್ಡು ಹೆಸರು ಹಿಡಿದು ಗುರುತಿಸಿತು.

2025ರಲ್ಲಿ ಗ್ರಾಫಿಕ್ಸ್ ಕಾರ್ಡಿನ ಸರದಿ ಬಂದಾಗ ಅವಸರವಿರಲಿಲ್ಲ. ಹಳೆಯ ಕಾರ್ಡು ಬೋರ್ಡಿನಿಂದಲೇ ಸಿಗುವ 75 ವ್ಯಾಟ್‌ನಲ್ಲಿ ನಡೆಯುತ್ತಿತ್ತು. ಹೊಸದಾಗಿ ಕೊಳ್ಳಬೇಕೆಂದಿದ್ದ 8 ಗಿಗಾಬೈಟಿನ ಆರ್.ಎಕ್ಸ್. 6600 ಕಾರ್ಡಿಗೆ 132 ವ್ಯಾಟ್ ಬೇಕು, ಪ್ರತ್ಯೇಕ ತಂತಿಯೂ ಬೇಕು. ಆದುದರಿಂದ ಮೊದಲು 550 ವ್ಯಾಟಿನ ಪವರ್ ಸಪ್ಲೈ ತಂದು, ಎರಡು ತಿಂಗಳ ಮೇಲೆ ಕಾರ್ಡನ್ನು ತಂದೆವು. ಎಲ್ಲ ಸೇರಿ ಮೂರು ವರ್ಷಗಳಲ್ಲಿ ಖರ್ಚಾದುದು ಸುಮಾರು 42,000 ರೂಪಾಯಿ. 2025ರ ಕೊನೆಗೆ ಮೆಮೊರಿಯ ಬೆಲೆ ವಿಪರೀತ ಏರಿದಾಗ, ಅದನ್ನು ಮೊದಲೇ ಕೊಂಡಿದ್ದುದು ಒಳ್ಳೆಯದಾಯಿತೆನಿಸಿತು.

ಇಂಥ ಯಂತ್ರ ಹಲವರ ಮನೆಗಳಲ್ಲಿರಬಹುದು. ಅಂಥವರಿಗೆ ನಮ್ಮ ಅನುಭವದ ಮಾತು ಇಷ್ಟೆ. ಕೊಳ್ಳುವ ಮೊದಲು ಯಂತ್ರ ಎಲ್ಲಿ ನಿಲ್ಲುತ್ತಿದೆಯೆಂದು ನೋಡಿರಿ. ಧೂಳನ್ನು ಮೊದಲು ತೆಗೆಯಿರಿ. ಹೊಸ ಅಂಗವನ್ನು ತರುವ ಮೊದಲು ಹಳೆಯದು ಅದನ್ನು ಗುರುತಿಸುವಂತೆ, ಹೊರುವಂತೆ ಮಾಡಿರಿ. ಮನೆಯ ಹುಡುಗನು ‘ಓದಿ ನೋಡತೀನಿ’ ಎಂದಾಗ ಹಿರಿಯರು ದೀಪ ಹಿಡಿದು ಸುಮ್ಮನೆ ನಿಲ್ಲಲಿ.

ಹಳೆಯ ಪ್ರೊಸೆಸರನ್ನು ಹುಡುಗನು ಮಾರಲಿಲ್ಲ. ಹೊಸದು ಬಂದ ಡಬ್ಬಿಯಲ್ಲೇ ಅದನ್ನಿಟ್ಟು ನಮಗೆ ಕೊಟ್ಟ. ಅದು ನಮ್ಮ ಬರೆಯುವ ಮೇಜಿನ ಮೇಲಿದೆ. ಯಾರಿಗಾದರೂ ಅವಸರದಲ್ಲಿ ಬುದ್ಧಿ ಹೇಳಬೇಕೆನಿಸಿದಾಗ ನಾವು ಒಮ್ಮೆ ಅದರ ಕಡೆ ನೋಡಿಕೊಳ್ಳುತ್ತೇವೆ.