ಬಳ್ಳಾರಿ ಸೀಮೆಯ ಬಿಸಿಲೂ ತಾನೇ ಗಿಯರು ಬದಲಿಸುವ ಮೋಟಾರೂ

ಬೇಸಗೆಯಲ್ಲಿ ಬಳ್ಳಾರಿಯ ಸೀಮೆಗೆ ಹೋಗಬಾರದೆಂದು ಹಿರಿಯರು ಹೇಳುವುದುಂಟು. ಆದರೆ ನೆಂಟಸ್ತಿಕೆಯು ಕಾಲವನ್ನು ನೋಡುವುದಿಲ್ಲವಷ್ಟೆ. ಸಿರುಗುಪ್ಪದಲ್ಲಿ ನಮ್ಮ ತಂಗಿಯ ಮೊಮ್ಮಗುವಿಗೆ ತೊಟ್ಟಿಲ ಶಾಸ್ತ್ರ ಗೊತ್ತಾಗಿದ್ದುದರಿಂದ, ಕಳೆದ ಏಪ್ರಿಲ್ ತಿಂಗಳಿನಲ್ಲಿ ನಾವು ಬೆಂಗಳೂರಿನಿಂದ ಮೋಟಾರಿನಲ್ಲಿಯೇ ಹೊರಟೆವು. 78 ವರ್ಷದ ಚಿಕ್ಕಮ್ಮನವರೂ ಜೊತೆಯಲ್ಲಿದ್ದರು. ಕುರುಗೋಡಿನ ದೊಡ್ಡಬಸವೇಶ್ವರನಿಗೆ ಅವರದೊಂದು ಹರಕೆ ಬಹುಕಾಲದಿಂದ ಉಳಿದುಕೊಂಡಿತ್ತು.

ನಮ್ಮದು ತಾನೇ ಗಿಯರು ಬದಲಿಸಿಕೊಳ್ಳುವ ಮೋಟಾರು; ಎಡಗಾಲಿಗೆ ಕೆಲಸವಿಲ್ಲ. ಹಿರಿಯೂರಿನವರೆಗೆ ಹೆದ್ದಾರಿ ವಿಶಾಲವಾಗಿದೆ. ಗಂಟೆಗೆ 100 ಕಿಲೋಮೀಟರಿಗೆ ತುಸು ಕಡಿಮೆಯಾದ ವೇಗದಲ್ಲಿ, ಎಲ್ಲಿಯೂ ನಿಲ್ಲದೆ ಬಂದೆವು. ಚಳ್ಳಕೆರೆಯನ್ನು ದಾಟಿದ ಮೇಲೆ ಬಂಡಿಯ ನಡೆ ಬದಲಾಯಿತು. ಕಾಲೊತ್ತಿದರೆ ಎಂಜಿನು ಮೊರೆಯುವುದು, ಸುತ್ತು ತೋರಿಸುವ ಮುಳ್ಳು ಮೇಲೇರುವುದು, ವೇಗ ಮಾತ್ರ ಏರದು. ಸ್ವಲ್ಪ ಹೊತ್ತಿನಲ್ಲಿ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿಕೊಂಡು, ಬಂಡಿ ಒಂದೇ ಗಿಯರಿನಲ್ಲಿ ಕಚ್ಚಿಕೊಂಡಿತು. ಹೊರಗೆ ಮರದ ನೆರಳೂ ಇಲ್ಲದ ಬಯಲು. ಒಳಗೆ ರಕ್ತದೊತ್ತಡದ ಮುದುಕಿ. ಬೇವಿನ ಮರವೊಂದು ಕಾಣುವವರೆಗೆ ಮೆಲ್ಲನೆ ನಡೆಸಿಕೊಂಡು ಹೋಗಿ ನಿಲ್ಲಿಸಿದೆವು.

ಈ ಯಂತ್ರದ ಗುಟ್ಟನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು. ಎಂಜಿನಿಗೂ ಗಿಯರಿನ ಪೆಟ್ಟಿಗೆಗೂ ನಡುವೆ ಎಣ್ಣೆ ತುಂಬಿದ ಗುಂಡನೆಯ ಪಾತ್ರೆಯೊಂದಿದೆ. ಅದರೊಳಗೆ ಎರಡು ಫಂಕಗಳು ಎದುರುಬದುರಾಗಿವೆ. ಎಂಜಿನು ಒಂದನ್ನು ತಿರುಗಿಸುತ್ತದೆ. ಅದು ಎಣ್ಣೆಯನ್ನು ತಳ್ಳುತ್ತದೆ. ಎಣ್ಣೆ ಎರಡನೆಯದನ್ನು ತಿರುಗಿಸುತ್ತದೆ. ಜರ್ಮನಿಯ ಹೆರ್ಮನ್ ಫೋಟಿಂಗರ್ ಎಂಬವನು 1905ರಲ್ಲಿ ಹಡಗುಗಳಿಗಾಗಿ ಕಂಡುಹಿಡಿದ ಉಪಾಯವಿದು. ಕಡೆಗೋಲು ಆಡಿದಾಗ ಮಜ್ಜಿಗೆ ಸುತ್ತುವುದಿಲ್ಲವೆ, ಹಾಗೆಯೇ. ಆದರೆ ಇಲ್ಲಿ ಕಡೆಯುವುದು ನಿಮಿಷಕ್ಕೆ ಸಾವಿರಾರು ಸುತ್ತು. ಆದುದರಿಂದ ಎಣ್ಣೆ ಕಾಯುತ್ತದೆ. ವೇಗ ಸ್ಥಿರವಾದಾಗ ಎರಡು ಫಂಕಗಳನ್ನೂ ಒಂದಾಗಿ ಬಿಗಿಯುವ ಬೀಗದ ಕ್ಲಚ್ಚು ಬಂದು ಕಾವು ಕಡಿಮೆಯಾಗುತ್ತದೆ ನಿಜ. ಲಾರಿಗಳನ್ನು ಹಿಂದಿಕ್ಕಲು ಮತ್ತೆ ಮತ್ತೆ ಕಾಲೊತ್ತಿದರೆ ಆ ಬೀಗ ಕಳಚಿಕೊಳ್ಳುತ್ತದೆ. ಗಾಳಿಯ ತಡೆಯನ್ನು ಭೇದಿಸಲು ಬೇಕಾಗುವ ಶಕ್ತಿಯಾದರೋ ವೇಗಕ್ಕಿಂತ ಬಹಳ ಬೇಗ ಬೆಳೆಯುತ್ತದೆ: 80 ಕಿಲೋಮೀಟರಿನಲ್ಲಿ ಬೇಕಾದುದರ ಹೆಚ್ಚುಕಡಿಮೆ ಎರಡರಷ್ಟು 100ರಲ್ಲಿ ಬೇಕು.

ಕಾದ ಎಣ್ಣೆಯನ್ನು ಬಂಡಿಯ ಮುಂಭಾಗದ ಶೈತ್ಯಕವು ಆರಿಸಬೇಕು. ಅದು ಆರದೆ ಉಳಿದರೆ ಎಣ್ಣೆ ತೆಳುವಾಗಿ ಒತ್ತಡ ಕುಗ್ಗುತ್ತದೆ, ಒಳಗಿನ ಕ್ಲಚ್ಚುಗಳು ಜಾರುತ್ತವೆ, ಜಾರಿದಷ್ಟೂ ಮತ್ತೆ ಕಾಯುತ್ತವೆ. ಒಂದೇ ಗಿಯರಿನಲ್ಲಿ ಕಚ್ಚಿಕೊಳ್ಳುವುದು ಯಂತ್ರವು ತನ್ನನ್ನು ಕಾಪಾಡಿಕೊಳ್ಳುವ ಉಪಾಯ. ಎಂಜಿನಿನ ಕಾವು ಹದವಾಗಿಯೇ ಇದ್ದುದರಿಂದ, ಸನ್ನೆಗೋಲನ್ನು ನಿಲುಗಡೆಯ ಸ್ಥಾನದಲ್ಲಿಟ್ಟು ಎಂಜಿನನ್ನು ಮೆಲ್ಲಗೆ ಓಡಗೊಟ್ಟೆವು. ಎಣ್ಣೆಯ ಪಂಪು ಎಂಜಿನಿನಿಂದಲೇ ನಡೆಯುವುದು. ಎಂಜಿನು ನಿಂತರೆ ಎಣ್ಣೆಯ ಓಟವೂ ನಿಲ್ಲುತ್ತದೆ. ಇದೇ ಕಾರಣದಿಂದ ಇಂತಹ ಬಂಡಿಯನ್ನು ಹಗ್ಗ ಕಟ್ಟಿ ಎಳೆಸಬಾರದು. ಲಾರಿಯ ಮೇಲೇರಿಸಿ ಸಾಗಿಸಬೇಕು.

ಅರ್ಧ ಗಂಟೆಯ ಮೇಲೆ ದೀಪ ಆರಿತು. 50 ಕಿಲೋಮೀಟರಿನ ವೇಗದಲ್ಲಿ ನಡೆಯುತ್ತ ಸಂಜೆಗೆ ಬಳ್ಳಾರಿಯನ್ನು ಸೇರಿದೆವು. ಊರಿನ ನಡುವೆ ಬೋಳು ಕಲ್ಲಿನ ಎರಡು ಗುಡ್ಡಗಳು ಹಗಲೆಲ್ಲ ಹೀರಿದ ಬಿಸಿಯನ್ನು ಬಿಡುತ್ತಿದ್ದವು. ಹನುಮಪ್ಪ ನಾಯಕನು ಕಟ್ಟಿಸಿದ ಕೋಟೆಯನ್ನು ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಬಲಪಡಿಸಿದನಂತೆ. ಪಕ್ಕದ ಕುಂಬಾರ ಗುಡ್ಡ ಇನ್ನೂ ಎತ್ತರವೆಂದು ಆಮೇಲೆ ತಿಳಿದು ಅವನನ್ನು ಗಲ್ಲಿಗೇರಿಸಿದನಂತೆ. ಇದು ಊರವರು ಹೇಳುವ ಕಥೆ. ಕೋಟೆಯ ಬಾಗಿಲಿನವರೆಗೆ ಹೋಗಿ ಬಂದೆವು, ಮೇಲೇರುವ ಉತ್ಸಾಹವಿರಲಿಲ್ಲ.

ಉತ್ಸಾಹ ಕುಗ್ಗಿದುದಕ್ಕೆ ಕಾರಣವಿತ್ತು. ನಗರದ ದೊಡ್ಡ ಕಾರ್ಖಾನೆಯೊಂದರಲ್ಲಿ ಬಂಡಿಯನ್ನು ತೋರಿಸಿದಾಗ, ಗಣಕಯಂತ್ರವನ್ನು ತಗುಲಿಸಿ ನೋಡಿ, ಗಿಯರಿನ ಪೆಟ್ಟಿಗೆಯನ್ನೇ ಬದಲಿಸಬೇಕೆಂದರು. ಎರಡು ಲಕ್ಷ ರೂಪಾಯಿಗೂ ಮೇಲೆ. ಮೂರು ವಾರಗಳ ಕಾಲ. ಅಷ್ಟು ಹಣವನ್ನು ನಾವು ಕೂಡಿಟ್ಟಿದ್ದುದು ಮಗಳ ಓದಿಗಾಗಿ. ತೊಟ್ಟಿಲ ಶಾಸ್ತ್ರಕ್ಕೆ ನಡುವೆ ಒಂದೇ ದಿನ ಉಳಿದಿತ್ತು.

ತಂಗಿದ್ದ ಮನೆಯ ಯಜಮಾನರು ಮರುದಿನ ಬೆಳಗಾಗುತ್ತಲೇ ಒಬ್ಬ ಮಿಸ್ತ್ರಿಯನ್ನು ಕರೆದುತಂದರು. ಗಡ್ಡ ನರೆತ ಮನುಷ್ಯ. ಎಣ್ಣೆಯನ್ನು ತುಸು ಇಳಿಸಿ ಬಿಳಿಯ ಬಟ್ಟೆಯ ಮೇಲೆ ಹಚ್ಚಿ ಮೂಸಿದನು. ಹೊಸ ಎಣ್ಣೆ ಕೆಂಪಗಿರುತ್ತದೆ. ಇದು ಕಂದಾಗಿತ್ತು, ಆದರೆ ಸುಟ್ಟು ಕಪ್ಪಾಗಿರಲಿಲ್ಲ, ಲೋಹದ ಪುಡಿಯೂ ಕಾಣಲಿಲ್ಲ. ಆಮೇಲೆ ಮುಂಭಾಗವನ್ನು ಬಿಚ್ಚಿ ಶೈತ್ಯಕದ ಎಲೆಗಳ ನಡುವೆ ದೀಪ ಹಿಡಿದನು. ಬೆಳಕು ಆಚೆಗೆ ಹಾಯಲಿಲ್ಲ!

“ನೋಡ್ರಿ ಸಾಹೇಬ್ರ, ಇದು ನಮ್ಮ ಸಿರುಗುಪ್ಪದ ಮಾಲು ಐತ್ರಿ” ಎಂದು ನಕ್ಕನು. ಭತ್ತದ ಹೊಟ್ಟು, ಹತ್ತಿಯ ನೂಲು, ಎರೆಮಣ್ಣಿನ ಧೂಳು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಚಳಿಗಾಲದ ಸುಗ್ಗಿಯಲ್ಲಿ ನಾವು ಮೂರು ಸಲ ಈ ಕಡೆಗೆ ಬಂದುಹೋಗಿದ್ದೆವು. ಆಗ ರಸ್ತೆಯ ಒಂದು ಮಗ್ಗುಲಿಗೆ ಭತ್ತವನ್ನು ಹರಡಿರುವುದು ಈ ನಾಡಿನಲ್ಲಿ ಸಾಮಾನ್ಯ ನೋಟ. ಪೇಟೆಯ ನಿಧಾನ ಓಡಾಟದಲ್ಲಿ ಈ ಅಡಚಣೆ ಹೊರಕ್ಕೆ ಕಾಣಿಸಿಕೊಂಡಿರಲಿಲ್ಲ; ಗಂಟೆಗಟ್ಟಲೆಯ ವೇಗವೂ ಬಿಸಿಲೂ ಕೂಡಿದಾಗ ಕಾಣಿಸಿಕೊಂಡಿತು.

ಮಿಸ್ತ್ರಿಯು ಮೃದುವಾಗಿ ನೀರು ಹಾಯಿಸಿ ಎಲೆಗಳನ್ನು ತೊಳೆದನು, ಬಂಡಿಗೆ ಹೇಳಿದ ಜಾತಿಯ ಎಣ್ಣೆಯನ್ನೇ ತರಿಸಿ, ಶೋಧಕವನ್ನೂ ಬದಲಿಸಿದನು. ಎಣ್ಣೆಯ ಮಟ್ಟವನ್ನು ಹದವಾದ ಕಾವಿನಲ್ಲಿಯೇ ನೋಡಬೇಕಂತೆ. ಕಡಿಮೆಯಾದರೆ ಪಂಪು ಗಾಳಿಯನ್ನು ಹೀರುವುದು, ಹೆಚ್ಚಾದರೆ ಹಲ್ಲುಚಕ್ರಗಳು ಕಡೆದು ನೊರೆಯೆಬ್ಬಿಸುವುವು. ಈ ಎಣ್ಣೆಗೆ ಬದಲಾವಣೆಯೇ ಬೇಡವೆಂದು ಕೆಲವು ಬಂಡಿಗಳ ಪುಸ್ತಕದಲ್ಲಿ ಬರೆದಿರುತ್ತದೆ. ಬಳ್ಳಾರಿಯ ಬಿಸಿಲನ್ನು ಕಾಣದವರು ಬರೆದ ಮಾತೆಂದೇ ನಮ್ಮ ಎಣಿಕೆ. “ಕ್ಲಚ್ಚು ಸವೆದಿದ್ರ ಎಣ್ಣಿಯಿಂದ ವಾಸಿ ಆಗಂಗಿಲ್ರಿ. ಐದು ಸಾವಿರ ಕಿಲೋಮೀಟರ್ ಓಡ್ಸಿ ಮತ್ತ ನೋಡ್ಸ್ರಿ” ಎಂದು ಎಚ್ಚರಿಸಿದನು. ಅವನು ಕೇಳಿದ ಹಣ ಆ ಎರಡು ಲಕ್ಷದ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

ಅದೇ ದಿನ ಇಳಿಹೊತ್ತಿನಲ್ಲಿ ಕುರುಗೋಡಿಗೆ ಹೊರಟು, 60ನ್ನು ಮೀರದೆ ನಡೆಸಿದೆವು. ಬಂಡೆಗಳ ಗುಡ್ಡದ ಮಡಿಲಿನಲ್ಲಿರುವ ಈ ಊರು ಹಿಂದೆ ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. ಗರ್ಭಗುಡಿಯಲ್ಲಿ ಬಸವಣ್ಣನೇ ಮೂಲಮೂರ್ತಿ. ಒಂದೇ ಕಲ್ಲಿನ, ಸುಮಾರು 12 ಅಡಿ ಎತ್ತರದ ವಿಗ್ರಹ. ಚಿಕ್ಕಮ್ಮನವರು ತಲೆಯೆತ್ತಿ ನೋಡುತ್ತ ಬಹಳ ಹೊತ್ತು ನಿಂತರು. ಹರಕೆ ಏನೆಂದು ಕೇಳಿದರೆ ಹೇಳಲಿಲ್ಲ.

ಅಲ್ಲಿಂದ ಸಿರುಗುಪ್ಪದ ಕಡೆಗೆ ತಿರುಗಿದರೆ ಲೋಕವೇ ಬೇರೆ. ತುಂಗಭದ್ರೆಯ ಬಲದಂಡೆ ಕಾಲುವೆಯ ನೀರುಂಡ ಗದ್ದೆಗಳು; ಅಕ್ಕಿ ಗಿರಣಿಗಳ ಚಿಮಣಿಗಳು. ಶಿಲಾಯುಗದ ಜನರು ನೆಲಸಿದ್ದ ತೆಕ್ಕಲಕೋಟೆಯ ಗುಡ್ಡಗಳಾದರೋ ಒಣಗಿಯೇ ನಿಂತಿವೆ. ಕತ್ತಲಾಗುವುದರೊಳಗೆ ತಂಗಿಯ ಮನೆಯ ಬಾಗಿಲಿನಲ್ಲಿದ್ದೆವು. ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕಿದವರು ಚಿಕ್ಕಮ್ಮನವರೇ.

ಹಿಂದಿರುಗುವಾಗ ನಸುಕಿನಲ್ಲಿಯೇ ಹೊರಟು, 80ಕ್ಕೆ ಮೀರದೆ, ಎರಡು ಗಂಟೆಗೊಮ್ಮೆ ನಿಲ್ಲಿಸುತ್ತ ಬಂದೆವು. ಮಿಸ್ತ್ರಿ ಹೇಳಿದಷ್ಟು ದೂರ ಓಡಿದ ಮೇಲೆ ಎಣ್ಣೆಯನ್ನು ಮತ್ತೆ ಬಿಳಿಯ ಬಟ್ಟೆಯ ಮೇಲೆ ಹಚ್ಚಿ ನೋಡಿಸಿದ್ದಾಯಿತು. ಅದು ಕೆಂಪಗೆಯೇ ಇತ್ತು.