ಸುಳಿಯ ಮೇಲಿನ ಬೆರಳು

ಕರುವಿನ ನೆತ್ತಿ ಕೆಂಪಗಿತ್ತು. ತಾಯಿ ನೋಡಿದರೆ ಸುಣ್ಣದ ಬಿಳುಪು, ಆಚೆ ಕಟ್ಟಿದ್ದ ಗೂಳಿ ಬೂದಿ ಬೆರೆತ ಬಿಳುಪು. ನಡುವೆ ಈ ಪುಟ್ಟದರ ತಲೆಯ ಮೇಲೆ ಮಾತ್ರ ಯಾರೋ ಕಾವಿ ಒರೆಸಿ ಹೋದ ಹಾಗೆ! ನಾನು ಕಣ್ಣು ಬಿಟ್ಟುಕೊಂಡು ನಿಂತದ್ದನ್ನು ಕಂಡು ದನ ನೋಡಿಕೊಳ್ಳುವಾತ, ‘ಹುಟ್ಟಿದಾಗ ಹಂಗ ಇರ್ತೈತ್ರೀ. ಒಂದೆರಡು ತಿಂಗಳಾತಂದ್ರ ತಾನ ಹೊಕ್ಕೈತಿ’ ಅಂದ.

ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯೊಳಗೆ ಕಿಲಾರಿ ದನಗಳ ಸರಕಾರಿ ತಳಿ ಸಂವರ್ಧನಾ ಕೇಂದ್ರವಿದೆ. ನಾನು ಅಲ್ಲಿಗೆ ಹೋಗಲು ಕಾರಣ ಒಂದು ಬೆಕ್ಕು. ಹಳೆಯ ಪುಸ್ತಕವೊಂದರಲ್ಲಿ ಗುಂಗುರು ಕೂದಲಿನ ಬೆಕ್ಕಿನ ಚಿತ್ರ ನೋಡಿದ್ದೆ. ಮೈಯೆಲ್ಲ ಸಣ್ಣ ಸಣ್ಣ ಅಲೆ, ಮೀಸೆಯೂ ಸುರುಳಿ. 1950ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಬಾಡ್ಮಿನ್ ಬಯಲಿನ ಒಂದು ಮನೆಯಲ್ಲಿ ಸಾಮಾನ್ಯ ಬೆಕ್ಕೊಂದು ಮರಿ ಹಾಕಿತು. ಅದರಲ್ಲಿ ಒಂದೇ ಒಂದು ಮರಿಯ ಮೈ ಗುಂಗುರು. ಕ್ಯಾಲಿಬಂಕರ್ ಅಂತ ಹೆಸರಿಟ್ಟರು. ಮನೆಯೊಡತಿ ನೀನಾ ಎನ್ನಿಸ್ಮೋರ್ ಮೊದಲು ಮೊಲ ಸಾಕಿದವರು, ಗುಂಗುರು ಮೊಲಗಳನ್ನು ಬಲ್ಲವರು. ಬೇರೆಯವರಾದರೆ ಮುದ್ದು ಮಾಡಿ ಸುಮ್ಮನಾಗುತ್ತಿದ್ದರೇನೋ. ಇವರು ಬಲ್ಲವರನ್ನು ಕೇಳಿದರು. ಆ ಗುಣ ಅಡಗಿಕೊಂಡು ಬರುವಂಥದ್ದು, ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮೈಮೇಲೆ ಕಾಣುತ್ತದೆ. ಹಾಗಾಗಿ ಗಂಡುಮರಿ ದೊಡ್ಡದಾದ ಮೇಲೆ ಅದನ್ನು ತಾಯಿಗೇ ಕೂಡಿಸಿದರು. ಮತ್ತೆ ಗುಂಗುರು ಮರಿಗಳು ಹುಟ್ಟಿದವು. ಕಾರ್ನಿಷ್ ರೆಕ್ಸ್ ತಳಿ ಶುರುವಾದದ್ದು ಹೀಗೆ. ಆದರೆ ರಕ್ತ ಒಳಗೊಳಗೇ ಸುತ್ತಿದರೆ ಸಂತಾನ ಸೊರಗುತ್ತದೆ. ಆದ್ದರಿಂದ ಆಮೇಲೆ ಸಯಾಮೀ, ಬರ್ಮೀ ಬೆಕ್ಕುಗಳ ರಕ್ತವನ್ನೂ ಸೇರಿಸಬೇಕಾಯಿತು.

ಒಂದು ಮನೆ, ಒಬ್ಬ ಹೆಣ್ಣುಮಗಳ ಕಣ್ಣು, ಒಂದು ಮರಿ. ಇಷ್ಟರಿಂದ ಒಂದು ತಳಿ! ನಮ್ಮ ಕಡೆ ಇಂಥ ಕಣ್ಣು ಎಲ್ಲಿದೆ ಎಂದು ಹುಡುಕಿಕೊಂಡು ದೀಪಾವಳಿ ಕಳೆದ ಮೇಲೆ ಹೊರಟಿದ್ದೆ.

ಬೆಳಿಗ್ಗೆ ಸವಣೂರಿನಲ್ಲಿ ದೊಡ್ಡಹುಣಸೆ ಮಠದ ಮೂರು ಮರಗಳನ್ನು ಸುತ್ತಿ ಬಂದೆ. ಹುಣಸೆ ಅನ್ನುತ್ತಾರೆ; ಅವು ಆಫ್ರಿಕಾ ಮೂಲದ ಬಾವೊಬಾಬ್. ಬುಡಕ್ಕೆ ಕೆನ್ನೆ ತಾಗಿಸಿದರೆ ಆನೆಯ ಪಕ್ಕೆಗೆ ಒರಗಿದ ಹಾಗೆ. ಶತಮಾನಗಳಿಂದ ತಮ್ಮಷ್ಟಕ್ಕೆ ತಾವು ನಿಂತಿವೆ. ದನದ ತಳಿಗೆ ಆ ಪುಣ್ಯವಿಲ್ಲ. ಸಾಕುವವರು ನಾಲ್ಕು ತಲೆಮಾರು ಮೈಮರೆತರೆ ಕಿಲಾರಿ ಕಿಲಾರಿಯಾಗಿ ಉಳಿಯುವುದಿಲ್ಲ.

ಕಿಲಾರಿ ಎತ್ತು ಎಂದರೆ ಓಟ. ಬಿಗಿದ ಮೈ, ಹಿಂದಕ್ಕೆ ಬಾಗಿ ಮತ್ತೆ ಮೇಲಕ್ಕೆ ಚಿಮ್ಮುವ ಚೂಪು ಕೋಡು. ಹಾಲು ಕಡಿಮೆ, ಆದ್ದರಿಂದಲೇ ಟ್ರ್ಯಾಕ್ಟರ್ ಬಂದ ಮೇಲೆ ಇದಕ್ಕೆ ಕಷ್ಟ. ಬಂಕಾಪುರದ ಕೋಟೆಯ ಹುಲ್ಲಿನಲ್ಲಿ ಮಾತ್ರ ಇವುಗಳ ದರ್ಬಾರು. ದನಗಳ ನಡುವೆಯೇ ನವಿಲು! ಇಲ್ಲೊಂದು, ಅಲ್ಲೆರಡು, ಕಂದಕದ ಜಾಲಿಯಿಂದ ಇನ್ನಷ್ಟು. 2006ರಲ್ಲಿ ಇದನ್ನು ನವಿಲುಧಾಮ ಎಂದು ಘೋಷಿಸಿದರು. ದನಕ್ಕಾಗಿ ಕಾಯ್ದ ಹುಲ್ಲುಗಾವಲಿನಲ್ಲಿ ನವಿಲಿಗೂ ನೆಲೆ ಸಿಕ್ಕಿತು. ನೆಲಮಟ್ಟದಿಂದ ಕೆಳಗಿಳಿದು ನಗರೇಶ್ವರ ಗುಡಿಯ ಕಂಬಗಳ ನಡುವೆ ಕುಳಿತೆ. ಮೇಲಿನಿಂದ ಗಂಟೆಯ ಸದ್ದು, ಅದರ ಮೇಲೆ ಕೇಕೆ. ಎದ್ದು ಬರಲು ಮನಸ್ಸೇ ಆಗಲಿಲ್ಲ.

ಹಾನಗಲ್ಲಿನಲ್ಲಿ ತಾರಕೇಶ್ವರನ ಛತ್ತಿನ ಕಲ್ಲುಕಮಲ ನೋಡಿ ಕತ್ತು ನೋಯುವಷ್ಟು ನಿಂತೆ. ಊರಾಚೆ ಕೊಬ್ಬರಿ ಹೋರಿಯೊಂದನ್ನು ಕೆರೆಯಲ್ಲಿ ಈಜಿಸುತ್ತಿದ್ದರು. ಹಬ್ಬದಲ್ಲಿ ಕೊರಳ ತುಂಬ ಒಣಕೊಬ್ಬರಿ ಸರ ಕಟ್ಟಿ ಬಿಡುತ್ತಾರೆ. ಜನರ ಕೈಗೆ ಸಿಗದೆ ಓಡಿದ್ದೇ ಗೆದ್ದದ್ದು. ಅದಕ್ಕೆ ಹುರುಳಿ, ಹತ್ತಿಕಾಳು, ಹಿಂಡಿ. ಮನೆಮಕ್ಕಳಿಗಿಂತ ಮೊದಲು ಅದರ ಊಟ.

ಸಂಜೆ ಹಿರೇಕೆರೂರಿನ ಬಳಿಯ ಹಳ್ಳಿಯಲ್ಲಿ ಪರಿಚಯದವರ ಮನೆ. ಹಿತ್ತಲಲ್ಲಿ ಹೋರಿಗರು. ಮನೆಯ ಅಜ್ಜಿ ಅದರ ಹಣೆಯ ಮೇಲೆ ಬೆರಳಿಟ್ಟು, ‘ಸುಳಿ ನೋಡ್ಯಪ್ಪಾ, ಎಷ್ಟು ಸುದ್ದ ಐತಿ’ ಅಂದಳು. ನಾನು ಬೆಚ್ಚಿದೆ. ಕೂದಲು ಸುತ್ತಿ ತಿರುಗುವ ಆ ಒಂದು ಬಿಂದು! ಕಾರ್ನ್‌ವಾಲ್‌ನಲ್ಲಿ ಮೈಯೆಲ್ಲ ಹರಡಿದ್ದ ಸುರುಳಿ ಇಲ್ಲಿ ಬೆರಳಿನ ತುದಿಯಷ್ಟು ಜಾಗದಲ್ಲಿತ್ತು. ಸುಳಿ ಎಲ್ಲಿದೆ, ಹೇಗಿದೆ ಎಂಬುದರ ಮೇಲೆ ಸಂತೆಯಲ್ಲಿ ಎತ್ತಿನ ಬೆಲೆ ಏರುತ್ತದೆ, ಇಳಿಯುತ್ತದೆ.

‘ಇದರ ತಾಯಿ ಯಾವುದು ಯವ್ವಾ?’

‘ಅಕಾ, ಆ ಗೌರಿ. ಗೌರಿಯವ್ವ ಕೆಂದಿ, ಹೋದ ವರ್ಸ ಹೋತು. ಅದರವ್ವ ತುಂಗಿ. ತುಂಗಿಯವ್ವ ಲಕ್ಷ್ಮಿ, ಮಳಿಗಾಲದಾಗ ಕೊಟಗಿ ಬಿದ್ದಾಗ ಹುಟ್ಟಿದ್ದು. ಲಕ್ಷ್ಮಿಯವ್ವ...’ ಅಜ್ಜಿ ತಡೆದಳು. ಬೆರಳು ಸುಳಿಯ ಮೇಲೇ ಇತ್ತು. ‘ಅದು ನನ್ನ ಕೂಡ ತವರಿನಿಂದ ಬಂದ ಆಕಳ.’